ಏಳನೇ ಹಾರ್ನೆಸ್ಸಿನ ಹುಳಿ ವಾಸನೆ

ದುಸಾನ್ ಗುಡ್ಡದ ಮೇಲೆ ಯಾರ ಬಾಯಿಂದಲಾದರೂ "ಪರವಾಗಿಲ್ಲ" ಎಂಬ ಮಾತು ಬಂದರೆ ಸಾಕು, ಮಾಲ್ಸುನ್‌ಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಹಗ್ಗ ಸ್ವಲ್ಪ ಸವೆದಿದೆ, ಪರವಾಗಿಲ್ಲ. ರೆಕ್ಕೆ ಸ್ವಲ್ಪ ಒದ್ದೆ ಇದೆ, ಪರವಾಗಿಲ್ಲ. ಕೊಕ್ಕೆ ಒಂದೇ ಸಲ ಕಲ್ಲಿನ ಮೇಲೆ ಬಿದ್ದದ್ದು, ಪರವಾಗಿಲ್ಲ. "ಯಾರಿಗೆ ಪರವಾಗಿಲ್ಲ? ನಿನಗೋ, ನಿನ್ನ ಮುಂದೆ ಕೂತು ಹಾರೋರಿಗೋ?" ಎಂದು ಆಕೆ ಕೇಳಿದರೆ ಎಂಟೂ ಜನ ಪೈಲಟ್‌ಗಳು ನೆಲ ನೋಡುತ್ತ ನಿಲ್ಲುತ್ತಿದ್ದರು.

ಐವತ್ತೆಂಟು ವರ್ಷದ ಈ ಹೆಂಗಸು ತಾನು ಒಂದು ದಿನವೂ ಹಾರಿದವಳಲ್ಲ. ಗುಡ್ಡದ ತುದಿಯಿಂದ ಪೈಲಟ್‌ಗಳು ಒಬ್ಬೊಬ್ಬ ಗಿರಾಕಿಯನ್ನು ಎದೆಯ ಮುಂದೆ ಕಟ್ಟಿಕೊಂಡು ನಾಮ್‌ಹಾನ್ ನದಿಯ ಮೇಲೆ ಹಾರಿಹೋಗುತ್ತಾರಲ್ಲ, ಆ ಜೋಡಿ ಪ್ಯಾರಾಗ್ಲೈಡರ್‌ಗಳ ಬಟ್ಟೆಯ ರೆಕ್ಕೆ, ಹಗ್ಗ, ಪಟ್ಟಿ, ಕೊಕ್ಕೆ ಎಲ್ಲ ಅವಳ ಉಸ್ತುವಾರಿ. ಹಾರುವ ಜಾಗದ ಹಿಂದೆ ನೀಲಿ ತಗಡಿನ ಶೆಡ್ಡು, ಒಳಗೆ ಒಂದು ಹೊಲಿಗೆ ಯಂತ್ರ, ಹಗ್ಗ ಅಳೆಯಲು ನೆಲಕ್ಕೆ ಹೊಡೆದ ಮೊಳೆಗಳ ಸಾಲು. ಪೈಲಟ್‌ಗಳು ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದರು. ಅದರಲ್ಲಿ ಅರ್ಧ ಪ್ರೀತಿ, ಅರ್ಧ ಹೆದರಿಕೆ.

ಹುಟ್ಟಿದ್ದು ಇದೇ ಗುಡ್ಡದ ಬುಡದ ಬೆಳ್ಳುಳ್ಳಿ ಬೆಳೆಯುವ ಮನೆಯಲ್ಲಿ. ಹದಿನೇಳಕ್ಕೆ ಬುಪ್ಯೊಂಗಿನ ಡೇರೆ ಕಾರ್ಖಾನೆ ಸೇರಿದಳು. ಡೇರೆಯ ಕಾಲ ಮುಗಿದು ಪ್ಯಾರಾಗ್ಲೈಡರ್ ಹೊಲಿಯುವ ಕಾಲ ಬಂದಾಗಲೂ ಅದೇ ಬೆಂಚಿನಲ್ಲಿ ಕೂತಿದ್ದಳು. ಒಮ್ಮೆ ಪಕ್ಕದವಳ ಯಂತ್ರ ಮೂರು ಹೊಲಿಗೆ ಹಾರಿಸಿಬಿಟ್ಟದ್ದನ್ನು ಕಂಡು ಮೇಸ್ತ್ರಿಗೆ ಹೇಳಿದಳು. ಆತ ಕನ್ನಡಕ ಏರಿಸಿ, ಪರವಾಗಿಲ್ಲ ಹೋಗು, ಎಂದ. ಎರಡು ತಿಂಗಳ ಮೇಲೆ ಅದೇ ರೆಕ್ಕೆ ಪರೀಕ್ಷೆಯ ಹಾರಾಟದಲ್ಲಿ ಅಡ್ಡಡ್ಡ ಸೀಳಿಕೊಂಡು ವಾಪಸು ಬಂತು. ಹಾರಿಸಿದವನು ಕೆರೆಗೆ ಬಿದ್ದದ್ದರಿಂದ ಬದುಕಿದ. ಅಂದಿನಿಂದ ಆಕೆ ಯಾರ ಮಾತನ್ನೂ ನಂಬಲಿಲ್ಲ, ಕೈಯಲ್ಲಿ ಮುಟ್ಟಿ ನೋಡಿದ್ದನ್ನು ಮಾತ್ರ ನಂಬಿದಳು. ಗಂಡ ಊಟ ಆಯ್ತು ಅಂದರೂ ತಟ್ಟೆ ನೋಡುವವಳು. ಅವನು ಹೆಚ್ಚು ವರ್ಷ ತಡೆಯಲಿಲ್ಲ, ಬೇರೆ ಊರಿಗೆ ಹೋದ.

ಶೆಡ್ಡಿನ ಕಟ್ಟಳೆಗಳು ಪೊಲೀಸ್ ಠಾಣೆಗಿಂತ ಬಿಗಿ. ಒದ್ದೆ ರೆಕ್ಕೆ ಮಡಚುವ ಹಾಗಿಲ್ಲ. ಮಡಚುವ ಮೊದಲು ಒಳಗೆ ಮಿಡತೆ ಸೇರಿದೆಯೇ ನೋಡಬೇಕು, ಸಿಕ್ಕಿಕೊಂಡ ಮಿಡತೆ ಬಟ್ಟೆ ಕಚ್ಚಿ ತೂತು ಮಾಡುತ್ತದೆ. ಪೈಲಟ್‌ನ ಬೆನ್ನಿನ ಚೀಲದಲ್ಲಿರುವ ತುರ್ತು ಪ್ಯಾರಾಚೂಟನ್ನು ಆರು ತಿಂಗಳಿಗೊಮ್ಮೆ ಬಿಚ್ಚಿ, ಗಾಳಿಗೆ ಹರಡಿ, ಮತ್ತೆ ಮಡಚಬೇಕು. ಮೇಲೆ ದೊಡ್ಡ ರೆಕ್ಕೆ ಮುದುಡಿ ಬಿತ್ತೆಂದರೆ ಪೈಲಟ್‌ನ ಕೈ ಹೋಗುವುದು ಅದರ ಹಿಡಿಗೆ, ಇಬ್ಬರ ಜೀವವೂ ಆ ಒಂದು ಹಿಡಿಯಲ್ಲಿ. ಅದನ್ನು ಮಡಚುವ ಕೆಲಸ ಮಾಲ್ಸುನ್ ಬೇರೆ ಯಾರಿಗೂ ಬಿಡಲಿಲ್ಲ. ಮಡಚಿ ಆದ ಮೇಲೆ ದಪ್ಪ ಪುಸ್ತಕದಲ್ಲಿ ಒಂದೇ ಸಹಿ, ಅವಳದು.

ಇಷ್ಟೆಲ್ಲ ಅನುಮಾನದ ಹೆಂಗಸು ಪೂಜೆಯ ವಿಷಯಕ್ಕೆ ಬಂದರೆ ಪೂರ್ತಿ ಬೇರೆ. ಮಾರ್ಚಿನಲ್ಲಿ ಹಾರಾಟದ ಕಾಲ ಶುರುವಾಗುವ ಮೊದಲು ಗುಡ್ಡದ ಮೇಲೆ ಹಂದಿಯ ತಲೆ, ಒಣಮೀನು, ಕೆಂಪು ಅವರೆಯ ಅಕ್ಕಿ ಕಡುಬು, ಅಕ್ಕಿಯ ಬಿಳಿ ಹೆಂಡ ಮಕ್ಕೊಲ್ಲಿ ಇಟ್ಟು ಬೆಟ್ಟದ ದೇವರಿಗೆ ಅಡ್ಡಬೀಳಬೇಕು. ಪೈಲಟ್‌ಗಳು ಮೈಗೆ ಬಿಗಿದುಕೊಳ್ಳುವ, ಬೆನ್ನಿಗೆ ಆ ತುರ್ತು ಚೀಲವಿರುವ ಹಾರ್ನೆಸ್‌ಗಳನ್ನೂ ಹೊರಗೆ ತಂದು ಸಾಲಾಗಿ ಮಲಗಿಸಬೇಕು, ಅವಕ್ಕೂ ದೇವರ ಕಣ್ಣು ಬೀಳಲಿ ಎಂದು. ಹೆಂಡ ಎರಚುವವಳು ಮಾಲ್ಸುನ್ನೇ, ಬೇರೆಯವರ ಕೈ ಸರಿಯಿಲ್ಲ. ಅವಳ ತಾಯಿಯ ಮನೆಯ ಪದ್ಧತಿಯಂತೆ ಮೊದಲ ಬಟ್ಟಲು ಎದುರಿನ ಬೆಟ್ಟಕ್ಕೆ. ಕೊನೆಯ ಬಟ್ಟಲನ್ನು "ಗೊಸುರೇ!" ಎಂದು ಕೂಗಿ ಹೆಗಲ ಮೇಲಿಂದ ಹಿಂದಕ್ಕೆ ಚೆಲ್ಲಬೇಕು, ಅದು ಹಿಂದೆ ಉಳಿದ ಆತ್ಮಗಳಿಗೆ. ಚೆಲ್ಲಿದ ಮೇಲೆ ತಿರುಗಿ ನೋಡಬಾರದು.

ಮೇ ಮೊದಲ ವಾರ ಬ್ಯೊನ್ ಚೊಲ್ಗ್ಯು ಎಂಬ ಹೊಸ ಪೈಲಟ್ ಬಂದ. ನಲವತ್ತಾರು ವಯಸ್ಸು, ಬುಸಾನಿನ ಕಡೆಯವನು, ಕೆಂಪು ಕೆನ್ನೆ, ದೊಡ್ಡ ನಗು. ಯಜಮಾನ ನಾಮ್‌ಗುಂಗ್ ಅವನಿಗೆ ಖಾಲಿ ಇದ್ದ ಏಳನೇ ನಂಬರಿನ ಹಾರ್ನೆಸ್ ಕೊಟ್ಟ. ಮಾಲ್ಸುನ್‌ಗೆ ಅವನನ್ನು ಕಂಡ ಮೊದಲ ದಿನವೇ ಸರಿಬರಲಿಲ್ಲ. ಅಷ್ಟು ನಗುವವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಅವಳ ಲೆಕ್ಕ.

ನೋಡಲು ಶುರುಮಾಡಿದ ಮೇಲೆ ಕಾಣುವುದಕ್ಕೇನು ಬರ. ಒಂದು, ಅವನ ಬಾಯಲ್ಲಿ ಯಾವಾಗಲೂ ಶುಂಠಿ ಮಿಠಾಯಿ. ಎರಡು, ಸಂಜೆ ಉಳಿದವರು ಹಂದಿಮಾಂಸ ಸುಟ್ಟುಕೊಂಡು ಕುಡಿಯಲು ಕೂತರೆ ಇವನು ಬಾರ್ಲಿ ನೀರು ಕುಡಿದು ಎದ್ದುಹೋಗುತ್ತಿದ್ದ. ಎಲ್ಲರೆದುರು ಕುಡಿಯದವನು ಎಲ್ಲಿ ಕುಡಿಯುತ್ತಾನೆ ಹಾಗಾದರೆ? ಮೂರು, ಪ್ರತಿ ಹಾರಾಟಕ್ಕೂ ಮೊದಲು ಟ್ರಕ್ಕಿನ ಹಿಂದೆ ಹೋಗಿ ಒಂದು ನಿಮಿಷ ನಿಲ್ಲುತ್ತಿದ್ದ. ಒಂದು ದಿನ ಆಕೆ ಟೈರು ನೋಡುವವಳಂತೆ ಹತ್ತಿರ ಹೋದಳು. ಅವನು ಕಣ್ಣು ಮುಚ್ಚಿಕೊಂಡು ತನ್ನಷ್ಟಕ್ಕೆ ಏನೋ ಗೊಣಗುತ್ತಿದ್ದ.

"ಯಾರ್ ಜೊತೆ ಮಾತಾಡ್ತಿದೀಯಪ್ಪಾ?"

ಅವನು ಬೆಚ್ಚಿಬಿದ್ದ. "ಯಾರ್ ಜೊತೇನೂ ಇಲ್ಲ ಚಿಕ್ಕಮ್ಮ. ಟೈರಿಗೆ ಗಾಳಿ ಇದೆಯಾ?"

"ಇದೆ. ನಿನ್ನ ತಲೇಗೆ ಇದೆಯಾ ಅಂತ ನೋಡೋಕ್ ಬಂದೆ."

ಅವನು ಜೋರಾಗಿ ನಕ್ಕ. ಆ ನಗು ಅವಳ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು.

ಜೂನ್ ಕೊನೆಗೆ ಮಳೆಗಾಲ ಇಣುಕಿತು. ಬೆಳಿಗ್ಗೆ ಮಂಜು, ಮಧ್ಯಾಹ್ನ ಬೇಯಿಸುವ ಸೆಕೆ. ಅಂಥದೊಂದು ಮಂಗಳವಾರ ಚೊಲ್ಗ್ಯು ಹಾರಿ ಇಳಿದು, ಬೆವರು ಸುರಿಸುತ್ತ ಅವಳ ಪಕ್ಕದಲ್ಲೇ ಹಾದುಹೋದ. ಮಾಲ್ಸುನ್‌ಗೆ ವಾಸನೆ ಬಡಿಯಿತು. ಹುಳಿ ಬಂದ ಮಕ್ಕೊಲ್ಲಿಯ ವಾಸನೆ. ಹುಟ್ಟಿದಾಗಿನಿಂದ ಮೂಗಿಗೆ ಪರಿಚಯದ ವಾಸನೆ, ತಪ್ಪಲು ಸಾಧ್ಯವೇ ಇಲ್ಲ. ಬುಧವಾರವೂ ಅದೇ ವಾಸನೆ. ಅವನು ದೂರ ಹೋದರೆ ಇಲ್ಲ, ಹತ್ತಿರ ಬಂದರೆ ಇದೆ.

ಅವಳಿಗೆ ಸುಮ್ಮನಿರಲಾಗದ್ದಕ್ಕೆ ಇನ್ನೊಂದು ಕಾರಣವಿತ್ತು. ಬರುವ ಶನಿವಾರ ಅವಳ ತಾಯಿ ಜೊಮ್ರೇಗೆ ಎಂಬತ್ತು ತುಂಬುತ್ತಿತ್ತು. ಹಬ್ಬಕ್ಕೆ ಏನು ಬೇಕು ಎಂದರೆ ಮುದುಕಿ ರೇಷ್ಮೆ ಬೇಡ, ಊಟ ಬೇಡ ಎಂದಿದ್ದಳು. "ಮೂವತ್ತು ವರ್ಷದಿಂದ ಬೆಳ್ಳುಳ್ಳಿ ಗದ್ದೇಲಿ ಬಗ್ಗಿಕೊಂಡು ಈ ಹಾರೋರ ಅಂಡು ನೋಡಿದೀನಿ. ಒಂದ್ಸಲ ಮೇಲಿಂದ ನನ್ನ ಗದ್ದೆ ನೋಡ್ಬೇಕು." ಹಾರುವುದಾದರೆ ಆ ಬುಸಾನಿನವನ ಜೊತೆಗೇ, ಯಾಕೆಂದರೆ ಅವನೊಬ್ಬನೇ ಅವಳನ್ನು ಅಜ್ಜಿ ಎನ್ನದೆ ಅಕ್ಕಾವ್ರೇ ಎಂದು ಕರೆಯುತ್ತಿದ್ದ. ಕುಡುಕನ ಎದೆಗೆ ಕಟ್ಟಿಕೊಂಡು ತನ್ನ ತಾಯಿ ಗುಡ್ಡದಿಂದ ಕಾಲು ಕೀಳುವುದು ಮಾಲ್ಸುನ್ ಕಣ್ಣಮುಂದೆ ಬಂದುಬಂದು ಹೋಗುತ್ತಿತ್ತು. ಅವಳು ನೇರ ಯಜಮಾನನ ಹತ್ತಿರ ಹೋದಳು.

"ಆ ಹೊಸಬ ಕುಡಿದು ಹಾರ್ತಾನೆ."

ನಾಮ್‌ಗುಂಗ್ ಚಹಾದ ಲೋಟ ಕೆಳಗಿಟ್ಟ. "ನೋಡಿದ್ರಾ?"

"ಮೂಸಿದೆ. ಎರಡು ದಿನ."

"ಚಿಕ್ಕಮ್ಮ, ಇದು ಒಬ್ಬನ ಅನ್ನದ ಮಾತು."

"ಹಾರೋರ ಜೀವದ ಮಾತೂ ಹೌದು. ನನ್ನ ಮೂಗು ಯಾವತ್ತಾದ್ರೂ ಸುಳ್ಳು ಹೇಳಿದೆಯಾ?"

ಹೇಳಿರಲಿಲ್ಲ. ಒಮ್ಮೆ ಯಾರಿಗೂ ಕಾಣದ ಬೂಷ್ಟನ್ನು ಆಕೆ ಮೂಸಿಯೇ ಹಿಡಿದು ಒಂದು ರೆಕ್ಕೆಯನ್ನು ಮೂಲೆಗೆ ಹಾಕಿಸಿದ್ದು ಗುಡ್ಡಕ್ಕೆಲ್ಲ ಗೊತ್ತಿತ್ತು. ನಾಮ್‌ಗುಂಗ್ ಗುರುವಾರ ಚೊಲ್ಗ್ಯುವನ್ನು ಕರೆದು ಕೇಳಿದ. ಅವನ ಕೆನ್ನೆಯ ಕೆಂಪು ಇಳಿದುಹೋಯಿತು. "ಪೊಲೀಸರನ್ನೇ ಕರೀರಿ ಯಜಮಾನ್ರೇ, ಊದ್ತೀನಿ," ಎಂದ. ಹಾರಾಟದ ಕಾಲ ನಡೆಯುತ್ತಿರುವಾಗ ಪೊಲೀಸ್ ಗಾಡಿ ಗುಡ್ಡ ಹತ್ತಿದರೆ ಆಮೇಲೆ ಹಾರಲು ಯಾರು ಬರುತ್ತಾರೆ? ಯಜಮಾನ ಮೆತ್ತಗೆ ಕೆಮ್ಮಿ, ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಸದ್ದಿಲ್ಲದೆ ಹೊರಟುಬಿಡಲು ಹೇಳಿದ. ಹಾರುವವರ ಲೋಕ ಚಿಕ್ಕದು. ಕುಡಿಯುತ್ತಾನೆ ಎಂದು ಒಂದು ಗುಡ್ಡ ಅಂದರೆ ಉಳಿದ ಗುಡ್ಡಗಳೂ ಬಾಗಿಲು ಹಾಕುತ್ತವೆ. ಇದು ಚೊಲ್ಗ್ಯುಗೂ ಗೊತ್ತು, ಯಜಮಾನನಿಗೂ ಗೊತ್ತು, ಮಾಲ್ಸುನ್‌ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಶುಕ್ರವಾರ ಬೆಳಿಗ್ಗೆ ಏಳನೇ ಹಾರ್ನೆಸ್ ಶೆಡ್ಡಿಗೆ ಬಂತು. ಒಳಗೆ ಎಲ್ಲೋ ಸೀಸೆ ಇರಲೇಬೇಕೆಂದು ಮಾಲ್ಸುನ್‌ಗೆ ಖಾತ್ರಿಯಿತ್ತು. ಅದು ಸಿಕ್ಕರೆ ತನ್ನ ಮಾತಿಗೆ ತೂಕ. ಅವಳು ಜೇಬುಗಳನ್ನೆಲ್ಲ ತಡಕಿದಳು. ಶುಂಠಿ ಮಿಠಾಯಿಯ ಕಾಗದ, ಒಂದು ಸೀಟಿ, ಪ್ಲಾಸ್ಟಿಕ್ ಹಾಕಿಸಿದ ಒಂದು ಚೀಟಿ. ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಕಾಲಿನ ಪಟ್ಟಿ ಎಡ. ಕಾಲಿನ ಪಟ್ಟಿ ಬಲ. ಎದೆ. ಹೆಲ್ಮೆಟ್. ಕೊಕ್ಕೆ ಎರಡು. ತುರ್ತು ಹಿಡಿ. ಗಾಳಿ. ಕೆಳಗೆ ಚಿಕ್ಕದಾಗಿ: ಒಂದು ಸಲ ಎಡ ಮರೆತಿದ್ದೆ. ಇನ್ನು ಮರೆಯಬಾರದು.

ಟ್ರಕ್ಕಿನ ಹಿಂದಿನ ಗೊಣಗಾಟ ಏನೆಂದು ಅವಳಿಗೆ ಈಗ ತಿಳಿಯಿತು. ತಿಳಿದು ಸಿಟ್ಟೇ ಬಂತು. ಆದರೆ ವಾಸನೆ? ವಾಸನೆ ಸುಳ್ಳಲ್ಲವಲ್ಲ. ಸೀಟಿನ ಅಡಿ ನೋಡಿದಳು, ಏನಿಲ್ಲ. ಬೆನ್ನಿನ ಕಡೆ ಮೂಗು ತಂದಳು. ಅಲ್ಲೇ ಇತ್ತು. ವಾಸನೆ ಬರುತ್ತಿದ್ದದ್ದು ತುರ್ತು ಪ್ಯಾರಾಚೂಟಿನ ಚೀಲದಿಂದ.

ಮಾಲ್ಸುನ್ ಹಾರ್ನೆಸ್ಸನ್ನು ಗೂಟಕ್ಕೆ ನೇತುಹಾಕಿ ಹಿಡಿಯನ್ನು ಎಳೆದಳು. ಹಿಡಿ ಬಂತು, ಪಿನ್ನು ಬಂತು, ಚೀಲ ಬರಲಿಲ್ಲ. ಇನ್ನೊಮ್ಮೆ ಎಳೆದಳು. ಕಾಲು ಒತ್ತಿಟ್ಟು, ಎರಡೂ ಕೈಯಲ್ಲಿ ಜಗ್ಗಿದಳು. ಏನೋ ಹರಿದ ಸದ್ದಾಗಿ ಚೀಲ ಕಿತ್ತುಬಂತು. ಒಳಗಿನ ರಬ್ಬರ್ ಉಂಗುರಗಳು ಅಂಟಾಗಿ ಕರಗಿದ್ದವು. ಮಡಿಕೆಗಳು ಮಳೆಗಾಲದ ಹಪ್ಪಳದಂತೆ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಅಂಚಿನಲ್ಲಿ ಬಿಳಿ ಹೆಪ್ಪು, ಅದರ ಮೇಲೆ ಬೂಷ್ಟು. ಗಾಳಿಯಲ್ಲಿ ಎಸೆದಿದ್ದರೆ ಅದು ಅರಳುತ್ತಿರಲಿಲ್ಲ, ಕಲ್ಲಿನ ಹಾಗೆ ಕೆಳಗೆ ಬೀಳುತ್ತಿತ್ತು.

ಯಾರು ಹೆಂಡ ಸುರಿದರು ಇದಕ್ಕೆ? ಮೊದಲು ಬಂದ ಯೋಚನೆ ಇದು. ಯಾವನಿಗೆ ಅವನ ಮೇಲೆ ಹಗೆ? ಉಳಿದ ಏಳು ಮುಖಗಳನ್ನೂ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿದಳು. ಎದ್ದು ಕಚೇರಿಗೆ ಹೋದಳು, ಯಾರು ಯಾವಾಗ ಶೆಡ್ಡಿನ ಬೀಗದ ಕೈ ತೆಗೆದುಕೊಂಡರೆಂದು ನೋಡಲು. ಬೀಗದ ಕೈಗಳ ಮೊಳೆಯ ಪಕ್ಕದಲ್ಲೇ ಮಾರ್ಚಿನ ಪೂಜೆಯ ಫೋಟೋ ತೂಗಿತ್ತು.

ಫೋಟೋದ ನಡುವೆ ಅವಳೇ. ಬಾಯಿ ತೆರೆದು ಗೊಸುರೇ ಎಂದು ಕೂಗುತ್ತಿದ್ದಾಳೆ, ಕೈ ಹೆಗಲ ಮೇಲೆ ಹಿಂದಕ್ಕೆ, ಬಟ್ಟಲಿನಿಂದ ಹೊರಟ ಬಿಳಿ ಹೆಂಡ ಗಾಳಿಯಲ್ಲಿ ಬಾಗಿಕೊಂಡಿದೆ. ಅದರ ನೇರಕ್ಕೆ ಹಿಂದೆ ಹಾರ್ನೆಸ್‌ಗಳ ಸಾಲು. ಬಾಗಿದ ಹೆಂಡ ಬೀಳುವ ಜಾಗದಲ್ಲಿ, ಬೆನ್ನು ಮೇಲಾಗಿ ಮಲಗಿದ ಒಂದರ ಮೇಲೆ ಹಳದಿ ದಾರದ ಏಳು. ಆ ಅಂಕಿಯನ್ನು ಹೊಲಿದವಳೂ ಅವಳೇ. ಪ್ಯಾರಾಚೂಟನ್ನು ಮಡಚಿ ಸಹಿ ಹಾಕಿದ್ದು ಪೂಜೆಯ ಹಿಂದಿನ ದಿನ. ಚೊಲ್ಗ್ಯು ಆಗಿನ್ನೂ ಈ ಗುಡ್ಡವನ್ನೇ ನೋಡಿರಲಿಲ್ಲ. ವಸಂತದ ಒಣ ಗಾಳಿಯಲ್ಲಿ ಮಲಗಿದ್ದ ಹೆಂಡ ಮಳೆಗಾಲದ ಸೆಕೆಗೆ ಎದ್ದು ಕೂತಿತ್ತು.

ಮಾಲ್ಸುನ್ ಗಡಿಯಾರ ನೋಡಿದಳು, ಹನ್ನೊಂದೂವರೆ. ಬಸ್ಸು ಹನ್ನೆರಡು ಹತ್ತಕ್ಕೆ. ಸುಮ್ಮನಿದ್ದರೆ ಮುಗಿಯಿತು. ಹಳೇದಾಗಿತ್ತು ಎಂದು ಪ್ಯಾರಾಚೂಟನ್ನು ಸುಟ್ಟರೆ ಕೇಳುವವರಿಲ್ಲ. ಪುಸ್ತಕ ಅವಳದು, ಸಹಿ ಅವಳದು, ಮೂಗೂ ಅವಳದು. ಅವನು ಹೋಗುವವನು, ಹೋಗಲಿ. ಒಂದು ಗಳಿಗೆ ಅವಳು ಹೀಗೂ ಯೋಚಿಸಿದಳು, ಅದನ್ನು ಮುಚ್ಚಿಡುವುದೇಕೆ. ಮನಸ್ಸಿನಲ್ಲಿ ಆ ಮಾತು ಪರವಾಗಿಲ್ಲ ಎಂಬ ರೂಪದಲ್ಲಿಯೇ ಬಂದಾಗ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಶೆಡ್ಡಿಗೆ ಓಡಿ, ಕಿತ್ತುಬಂದ ಪ್ಯಾರಾಚೂಟನ್ನು ಮೇಜಿನ ಬಟ್ಟೆಯಲ್ಲಿ ಗಂಟುಕಟ್ಟಿ, ಯಜಮಾನನ ತೋಳು ಹಿಡಿದು ಟ್ರಕ್ಕಿಗೆ ಹತ್ತಿಸಿದಳು.

ಬಸ್ ನಿಲ್ದಾಣದಲ್ಲಿ ಚೊಲ್ಗ್ಯು ಬೆಂಚಿನ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದ. ಮಾಲ್ಸುನ್ ಅವನ ಕಾಲ ಬಳಿ ಗಂಟು ಬಿಚ್ಚಿದಳು. ಬೆಳ್ಳುಳ್ಳಿ ಜಡೆ ಮಾರುವ ಹೆಂಗಸರು ಕತ್ತು ಚಾಚಿದರು.

"ಮೂಸು," ಎಂದಳು.

ಅವನು ಮೂಸಿದ. ಮುಖ ಕಿವುಚಿಕೊಂಡ.

"ನನ್ನ ಹೆಂಡ ಅದು. ಪೂಜೇಲಿ ನಾನೇ ಎರಚಿದ್ದು. ತಿರುಗಿ ನೋಡ್ಲಿಲ್ಲ. ನೀನು ಕುಡುಕ ಅಲ್ಲ. ನಾನು ಸುಳ್ಳು ಹೇಳ್ದೆ, ಗೊತ್ತಿಲ್ದೆ ಹೇಳಿದ್ರೂ ಸುಳ್ಳೇ. ಯಜಮಾನ್ರ ಎದುರೇ ಹೇಳ್ತಿದೀನಿ. ತಪ್ಪಾಯ್ತಪ್ಪಾ."

ಅವನು ಬೈಯುತ್ತಾನೆ ಎಂದು ಅವಳು ತಲೆ ತಗ್ಗಿಸಿ ಕಾದಳು. ಅವನು ಅವಳ ಕಡೆ ನೋಡಲೇ ಇಲ್ಲ. ಅಂಟಿಕೊಂಡ ಮಡಿಕೆಗಳನ್ನು ಹೆಬ್ಬೆರಳಿನಿಂದ ಬಿಡಿಸಲು ನೋಡಿದ, ಬಿಡಲಿಲ್ಲ.

"ಏಳು ವಾರ," ಎಂದ. "ಏಳು ವಾರ ಇದನ್ನ ಬೆನ್ನಿಗ್ ಹಾಕ್ಕೊಂಡು ಹಾರಿದೀನಾ ನಾನು? ಇನ್ನೂರು ಜನಕ್ಕೆ ಹೇಳಿದೀನಿ ಚಿಕ್ಕಮ್ಮ, ಹೆದರ್ಬೇಡಿ, ಬೆನ್ನಲ್ಲಿ ಇನ್ನೊಂದಿದೆ ಅಂತ. ಒಬ್ಳು ಮೂರು ತಿಂಗಳ ಬಸುರಿ, ಇಳಿದ್ಮೇಲೆ ಹೇಳಿದ್ಳು."

ತನ್ನ ಮೇಲೆ ಬಂದ ಅಪವಾದದ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಮಾಡಿತು. ಇಷ್ಟು ವಾರ ತಾನು ಯಾರನ್ನು ಹಿಂಬಾಲಿಸಿ ನೋಡಿದಳೋ ಅವನು ಈ ಗುಡ್ಡದಲ್ಲಿ ತನ್ನಂಥ ಒಬ್ಬನೇ ಒಬ್ಬ ಮನುಷ್ಯನಾಗಿದ್ದ. ನಾಮ್‌ಗುಂಗ್ ಚೊಲ್ಗ್ಯುವಿನ ಚೀಲ ಎತ್ತಿ ಟ್ರಕ್ಕಿನಲ್ಲಿಟ್ಟ. ಬಸ್ಸು ಬಂತು, ಹೋಯಿತು.

ಅಂದು ಸಂಜೆಯೊಳಗೆ ಅವಳು ಎಂಟೂ ಹಾರ್ನೆಸ್‌ಗಳನ್ನು ಬಿಚ್ಚಿ ನೋಡಿದಳು. ಉಳಿದವು ಒಣಗಿದ್ದವು. ಏಳನೆಯದನ್ನು ಬಿಸಿನೀರಲ್ಲಿ ತೊಳೆಯುವ ಬದಲು ಪೂರ್ತಿ ಮೂಲೆಗೆ ಹಾಕಿ, ಕಪಾಟಿನಲ್ಲಿದ್ದ ಹೊಸ ಹಾರ್ನೆಸ್ಸಿಗೆ ಹೊಸ ಪ್ಯಾರಾಚೂಟ್ ಮಡಚಿ ಇಟ್ಟಳು.

ಶನಿವಾರ ಗಾಳಿ ಹದವಾಗಿತ್ತು. ಜೊಮ್ರೇ ಗದ್ದೆಗೆ ಹೋಗುವ ಹೂವಿನ ಪ್ಯಾಂಟಿನಲ್ಲೇ ಬಂದಿದ್ದಳು. ಚೊಲ್ಗ್ಯು ಟ್ರಕ್ಕಿನ ಹಿಂದೆ ಹೋಗಲಿಲ್ಲ, ಎಲ್ಲರೆದುರೇ ಮಂಡಿಯೂರಿ ಮುದುಕಿಯ ಎಡಗಾಲಿನ ಪಟ್ಟಿ, ಬಲಗಾಲಿನ ಪಟ್ಟಿ ಬಿಗಿದು, ಜೋರಾಗಿ ಹೇಳಿಕೊಂಡು ಮುಟ್ಟಿಮುಟ್ಟಿ ನೋಡಿದ. ಆಮೇಲೆ ತನ್ನ ಹಾರ್ನೆಸ್ ಕಡೆ ತಿರುಗಿ ನಿಂತುಬಿಟ್ಟ.

"ಚಿಕ್ಕಮ್ಮ, ಕೋಪ ಮಾಡ್ಕೋಬೇಡಿ. ಇದನ್ನ ಮಡಚಿದ್ದು ಯಾರು?"

"ನಾನೇ."

"ಹಾಗಾದ್ರೆ ಒಂದ್ಸಲ ಎಳೆದು ನೋಡ್ತೀನಿ."

ಪೈಲಟ್‌ಗಳೆಲ್ಲ ಕೈಯ ಕೆಲಸ ಬಿಟ್ಟು ಇತ್ತ ತಿರುಗಿದರು. ಮಾಲ್ಸುನ್ ಮಡಚಿದ್ದನ್ನು ಎಳೆದು ನೋಡುತ್ತೇನೆ ಎಂದವನು ಈ ಗುಡ್ಡದಲ್ಲಿ ಹುಟ್ಟಿರಲಿಲ್ಲ. ಅವಳ ಮುಖ ಕೆಂಪಾಯಿತು. ಎಲ್ಲರ ಕಣ್ಣೂ ತನ್ನ ಕೈಯ ಮೇಲಿರುವುದು ಹೇಗಿರುತ್ತದೆ ಎಂದು ಅವಳಿಗೆ ಅರವತ್ತರ ಹತ್ತಿರ ಬಂದ ಮೇಲೆ ಗೊತ್ತಾಯಿತು. ಚುಚ್ಚಿತು, ಚೆನ್ನಾಗಿಯೇ ಚುಚ್ಚಿತು.

"ಎಳಿ," ಎಂದಳು. "ಜೋರಾಗ್ ಎಳಿ."

ಅವನು ಎಳೆದ. ಚೀಲ ಸಲೀಸಾಗಿ ಅವನ ಕೈಗೆ ಬಂತು. ಅವನು ಅದನ್ನು ಮೂಗಿಗೂ ಹಿಡಿದ.

"ಏನೋ ಅದು, ತಿನ್ನೋದಾ?" ಎಂದು ಜೊಮ್ರೇ ಕೂಗಿದಳು. "ಬೇಗ ಮಾಡ್ರೋ, ಎಂಬತ್ತೊಂದು ಆಗ್ಬಿಡುತ್ತೆ ನಂಗೆ!"

ಇಬ್ಬರೂ ಕೂತು ಅದನ್ನು ಮತ್ತೆ ಒಳಗಿಟ್ಟರು. ಅವಳು ಪಿನ್ನು ಹಾಕಿದಳು, ಅವನು ನೋಡಿದ. ಇಬ್ಬರು ಪೈಲಟ್‌ಗಳು ಮುದುಕಿಯನ್ನು ಎರಡೂ ಕಡೆ ಹಿಡಿದು ಓಡಿಸಿದರು. ಹೂವಿನ ಪ್ಯಾಂಟಿನ ಕಾಲುಗಳು ನೆಲ ಬಿಟ್ಟ ಮೇಲೂ ಒಂದಷ್ಟು ದೂರ ಗಾಳಿಯಲ್ಲಿ ಓಡುತ್ತಲೇ ಇದ್ದವು.

ಇಪ್ಪತ್ತು ನಿಮಿಷದ ಮೇಲೆ ನದಿಯ ದಡದಲ್ಲಿ ಇಳಿದಾಗ ಜೊಮ್ರೇ ಮೊದಲು ಹೇಳಿದ್ದು, ಪಕ್ಕದ ಗದ್ದೆಯವನು ಬದು ಒತ್ತಿಕೊಂಡಿದ್ದಾನೆ, ಮೇಲಿಂದ ಸೊಟ್ಟಗೆ ಕಾಣುತ್ತದೆ, ಮೂವತ್ತು ವರ್ಷದಿಂದ ತನಗೆ ಅನುಮಾನವಿತ್ತು, ಎಂದು. ಎರಡನೆಯದಾಗಿ, ಇನ್ನೊಂದು ಸಲ ಹಾರಬೇಕು ಎಂದಳು.

ಸಂಜೆ ಮಾಲ್ಸುನ್ ದಪ್ಪ ಪುಸ್ತಕ ತೆರೆದಳು. ಮಾರ್ಚಿನ ಪುಟದಲ್ಲಿ ಏಳನೇ ನಂಬರಿನ ಮುಂದೆ, ಕೆಟ್ಟದ್ದು ನನ್ನ ಕೈಯಿಂದ, ಎಂದು ಬರೆದಳು. ಆಮೇಲೆ ಹೊಸ ಪುಟದಲ್ಲಿ ತನ್ನ ಸಹಿಯ ಪಕ್ಕ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದು, ಪುಸ್ತಕವನ್ನು ಚೊಲ್ಗ್ಯು ಕಡೆ ತಳ್ಳಿದಳು.

"ಇನ್ಮೇಲೆ ಎರಡು ಸಹಿ. ನಾನು ಮಡಚ್ತೀನಿ, ನೀನು ನನ್ನ ನಂಬದೆ ನೋಡ್ಬೇಕು."

"ಪರವಾಗಿಲ್ಲ ಬಿಡಿ ಚಿಕ್ಕಮ್ಮ, ಇವತ್ತು ನೋಡಿ ಆಯ್ತಲ್ಲ."

ಅವಳು ತಲೆ ಎತ್ತಿದಳು. ಅವನು ಹಿಡಿದ ಪೆನ್ನು ಕೆಳಗಿಟ್ಟು, ಎದ್ದು ಹೋಗಿ, ಗೂಟದಲ್ಲಿದ್ದ ಹಾರ್ನೆಸ್ಸಿನ ಪಿನ್ನುಗಳನ್ನು ಮುಟ್ಟಿ ನೋಡಿ ಬಂದು ಸಹಿ ಹಾಕಿದ.